ಕೊಟ್ಟರೆ ಎಲ್ಲಿಡುತ್ತಾರೆ?

ನನಗೆ ಚಿತ್ರ ಬರೆಯಲು ಕಲಿಸಿದ ಡ್ರಾಯಿಂಗ್ ಮಾಸ್ಟ್ರು ನಿವೃತ್ತರಾಗಿ ಬಹಳ ವರ್ಷಗಳಾದವು. ವರ್ಷಕ್ಕೊಮ್ಮೆ, ಮಳೆ ಬಿಟ್ಟು ಗಾಳಿ ಒಣಗಿದ ಮೇಲೆ, ಅವರು ಅಟ್ಟದಿಂದ ಚಿತ್ರಗಳ ಕಟ್ಟುಗಳನ್ನು ಇಳಿಸಿ ಚಾವಡಿಯ ನೆರಳಿನಲ್ಲಿ ಹರಡುತ್ತಾರೆ. ಪಯಸ್ವಿನಿಯ ಕಡವು, ಗುಡ್ಡದ ಸುರಂಗದಿಂದ ಹರಿದು ಮದಕಕ್ಕೆ ಬೀಳುವ ನೀರು, ಬೇಸಗೆಯ ಗೇರುಗುಡ್ಡ, ಬಯಲಾಟದ ಚೌಕಿಯಲ್ಲಿ ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಿರುವ ವೇಷಧಾರಿ. ಎಲ್ಲವೂ ಜಲವರ್ಣ. ಅವುಗಳಲ್ಲಿರುವ ಕಡವುಗಳಲ್ಲಿ ಕೆಲವು ಈಗ ಇಲ್ಲ, ಸೇತುವೆ ಬಂದಿದೆ. ಗೇರುಗುಡ್ಡಗಳ ಮೇಲೆ ಹೆಲಿಕಾಪ್ಟರ್ ಎಂಡೋಸಲ್ಫಾನ್ ಎಂಬ ವಿಷ ಸುರಿದ ಕಾಲದ ಚಿತ್ರಗಳೂ ಇವೆ. ಕಳೆದ ಸಲ ಹರಡುವ ಕೆಲಸಕ್ಕೆ ನಾನೂ ಹೋಗಿದ್ದೆ. ಬೂಷ್ಟು ಹಿಡಿದ ಒಂದು ಹಾಳೆಯನ್ನು ಮೆತ್ತಗಿನ ಬಟ್ಟೆಯಿಂದ ಒರೆಸುತ್ತ ಅವರು ಕೇಳಿದರು: "ಇದನ್ನೆಲ್ಲ ಪಂಚಾಯತಿಗೋ ನಗರಸಭೆಗೋ ಕೊಟ್ಟರೆ ಎಲ್ಲಿಡುತ್ತಾರೆ?"

ನನ್ನಲ್ಲಿ ಉತ್ತರವಿರಲಿಲ್ಲ. ಆ ಉತ್ತರವನ್ನು ಹುಡುಕುತ್ತ ಹೋದಾಗ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾಸರಗೋಡಿನಲ್ಲಿ ಕಲೆಯ ಬಗ್ಗೆ ಮಾತಿಗೆ ಬರವಿಲ್ಲ. ವೇದಿಕೆ ಹತ್ತಿದ ಪ್ರತಿಯೊಬ್ಬರೂ ಸಪ್ತಭಾಷಾ ಸಂಗಮಭೂಮಿ ಎಂದೇ ಆರಂಭಿಸುತ್ತಾರೆ. ಆದರೆ ಈ ನೆಲದವರೇ ಬರೆದ ನೂರು ಚಿತ್ರಗಳನ್ನು ಐವತ್ತು ವರ್ಷ ಕೆಡದಂತೆ ಇಟ್ಟುಕೊಳ್ಳುವ ಒಂದು ಕೋಣೆ ಯಾರ ಹೊಣೆ ಎಂದು ಕೇಳಿದರೆ, ಆಡಳಿತದ ಯಾವ ಮೇಜಿನಲ್ಲಿಯೂ ನೇರವಾದ ಉತ್ತರ ಸಿಗುವುದಿಲ್ಲ.

ಜಿಲ್ಲೆಯಲ್ಲಿ 38 ಗ್ರಾಮ ಪಂಚಾಯತುಗಳು, 6 ಬ್ಲಾಕ್ ಪಂಚಾಯತುಗಳು, 3 ನಗರಸಭೆಗಳು, ಒಂದು ಜಿಲ್ಲಾ ಪಂಚಾಯತು ಇವೆ. ಆದರೂ ಕಲಾ ಗ್ಯಾಲರಿ ಎಂದಾಗ ಜನರ ನೆನಪಿಗೆ ಬರುವುದು ಕಾಞಂಗಾಡಿನದು, ಮತ್ತು ಅದು ಸ್ಥಳೀಯಾಡಳಿತದ್ದಲ್ಲ, ತೃಶ್ಶೂರಿನಲ್ಲಿ ಕೇಂದ್ರ ಕಚೇರಿ ಇರುವ ಕೇರಳ ಲಲಿತಕಲಾ ಅಕಾಡೆಮಿಯದು. ಕಲಾವಿದರು ಅಲ್ಲಿ ಕೆಲವು ದಿನ ಪ್ರದರ್ಶನ ನಡೆಸಿ ಚಿತ್ರಗಳನ್ನು ಮರಳಿ ಮನೆಗೆ ಒಯ್ಯುತ್ತಾರೆ. ಅಂಥ ಜಾಗವೂ ಬೇಕು. ಮಾಸ್ಟ್ರ ಪ್ರಶ್ನೆ ಮಾತ್ರ ಬೇರೆ: ಮರಳಿ ಒಯ್ಯಬೇಕಾಗಿಲ್ಲದ ಜಾಗ ಎಲ್ಲಿದೆ? ಹೊಸದುರ್ಗ ತಾಲೂಕಿನ ಮಡಿಕೈಯಲ್ಲಿ ಕವಿ, ಸ್ವಾತಂತ್ರ್ಯ ಹೋರಾಟಗಾರ ಟಿ.ಎಸ್. ತಿರುಮುಂಬು ಅವರ ಹೆಸರಿನ ದೊಡ್ಡ ಸಾಂಸ್ಕೃತಿಕ ಸಮುಚ್ಚಯವನ್ನು ರಾಜ್ಯ ಸರ್ಕಾರ ಕಟ್ಟಿಸಿದೆ. ಅದೂ ಚಂದ್ರಗಿರಿ ಹೊಳೆಯಿಂದ ದಕ್ಷಿಣಕ್ಕೆ. ಮಂಜೇಶ್ವರ, ಎಣ್ಮಕಜೆ, ಬೆಳ್ಳೂರು ಕಡೆಯ ಕನ್ನಡ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವುದಕ್ಕಿಂತ ಮಂಗಳೂರಿಗೆ ಕರೆದೊಯ್ಯುವುದು ಸುಲಭ.

ಎಲ್ಲವೂ ದಕ್ಷಿಣಕ್ಕೇ ಹೋಗುತ್ತದೆ ಎಂಬ ನಮ್ಮ ದೂರಿನಲ್ಲಿ ನಿಜವಿದೆ. ಆದರೆ ಇನ್ನೊಂದು ನಿಜವನ್ನೂ ಹೇಳಬೇಕು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದಾಗಿನಿಂದ ನಾವು ಕನ್ನಡಿಗರು ಶಾಲೆ ಕೇಳಿದ್ದೇವೆ, ಕನ್ನಡ ಬಲ್ಲ ಅಧ್ಯಾಪಕರನ್ನು ಕೇಳಿದ್ದೇವೆ, ಅರ್ಜಿ ನಮೂನೆ ಕನ್ನಡದಲ್ಲಿರಲಿ ಎಂದು ಬೀದಿಗಿಳಿದಿದ್ದೇವೆ, ಸಮ್ಮೇಳನಗಳಿಗೆ ಅನುದಾನ ತಂದಿದ್ದೇವೆ. ಅವೆಲ್ಲ ಹಕ್ಕಿನ ಹೋರಾಟಗಳು, ಅವುಗಳನ್ನು ನಡೆಸಿದವರಿಗೆ ನಾನು ಋಣಿ. ಪ್ರತಿದಿನ ಬೆಳಿಗ್ಗೆ ಹತ್ತು ಗಂಟೆಗೆ ಬಾಗಿಲು ತೆರೆಯುವ, ಸಂಬಳದ ಒಬ್ಬ ನೋಡಿಕೊಳ್ಳುವವರಿರುವ ಕಲಾ ಸಂಗ್ರಹವೊಂದನ್ನು ನಗರಸಭೆಯ ಎದುರು ನಿಂತು ಇದೇ ಹಟದಿಂದ ನಾವು ಕೇಳಿದ್ದು ನನಗೆ ನೆನಪಿಲ್ಲ.

ಕಾನೂನು ಏನು ಹೇಳುತ್ತದೆ? ಸಂವಿಧಾನದ 74ನೇ ತಿದ್ದುಪಡಿಯಿಂದ ಸೇರಿದ 12ನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ಕೊಡಬಹುದಾದ 18 ಕೆಲಸಗಳಿವೆ. ಅವುಗಳಲ್ಲಿ 13ನೆಯದು ಸಾಂಸ್ಕೃತಿಕ, ಶೈಕ್ಷಣಿಕ ಮತ್ತು ಸೌಂದರ್ಯದ ಅಂಶಗಳ ಪೋಷಣೆ. ಪಂಚಾಯತುಗಳಿಗೆ ಸಂಬಂಧಿಸಿದ 11ನೇ ಅನುಸೂಚಿಯ 29 ವಿಷಯಗಳಲ್ಲಿ 21ನೆಯದು ಸಾಂಸ್ಕೃತಿಕ ಚಟುವಟಿಕೆ. ಕೇರಳದ ಪಂಚಾಯತು ರಾಜ್ ಕಾಯ್ದೆ, ಮುನಿಸಿಪಾಲಿಟಿ ಕಾಯ್ದೆ ಎರಡೂ 1994ರವು. ನಗರಸಭೆಗಳಲ್ಲಿ ಶಿಕ್ಷಣ, ಕಲೆ ಮತ್ತು ಕ್ರೀಡೆಗೆಂದೇ ಒಂದು ಸ್ಥಾಯೀ ಸಮಿತಿಯೂ ಇದೆ. ಹೀಗಾಗಿ ಕಲಾ ಗ್ಯಾಲರಿ ನಡೆಸಲು ನಗರಸಭೆಗೆ ಅಧಿಕಾರವಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಕಾಗಿಲ್ಲ. ಅಧಿಕಾರ ಇದೆ. ಅದರ ಜೊತೆಗೆ ಬರಬೇಕಾದ ಹಣದ ದಾರಿ ಇಲ್ಲ.

ಇದು ಅರ್ಥವಾಗಬೇಕಾದರೆ ಗ್ರಂಥಾಲಯದ ಜೊತೆ ಹೋಲಿಸಿ ನೋಡಬೇಕು. 1989ರ ಕೇರಳ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಕಟ್ಟಡ ತೆರಿಗೆಯ ಮೇಲೆ ಶೇ. 5ರಷ್ಟು ಗ್ರಂಥಾಲಯ ಉಪಕರವನ್ನು ಸ್ಥಳೀಯಾಡಳಿತ ವಸೂಲು ಮಾಡಿ ಗ್ರಂಥಾಲಯ ಪರಿಷತ್ತಿಗೆ ಕೊಡಬೇಕು. ನಾನು, ನೀವು ಮನೆಗೆ ಕಟ್ಟುವ ತೆರಿಗೆಯ ರಶೀದಿಯಲ್ಲಿಯೇ ಆ ಸಾಲು ಇದೆ. ಆಡಳಿತ ಯಾವ ಪಕ್ಷದ್ದಾದರೂ, ಅಧ್ಯಕ್ಷರಿಗೆ ಓದಿನಲ್ಲಿ ಆಸಕ್ತಿ ಇರಲಿ ಇಲ್ಲದಿರಲಿ, ಆ ಹಣ ಬಂದೇ ಬರುತ್ತದೆ. ಕೇರಳದ ಹಳ್ಳಿಹಳ್ಳಿಗಳಲ್ಲಿ ವಾಚನಾಲಯ ಉಳಿದದ್ದಕ್ಕೆ ಜನರ ಪ್ರೀತಿ ಒಂದು ಕಾರಣವಾದರೆ, ರಶೀದಿಯ ಆ ಸಾಲು ಇನ್ನೊಂದು ಕಾರಣ. ಚಿತ್ರಕಲೆಗೆ ಅಂಥ ಸಾಲು ಇಲ್ಲ. ಪುಸ್ತಕಕ್ಕೆ ಸಿಕ್ಕ ಭದ್ರತೆ ಚಿತ್ರಕ್ಕೆ ಸಿಕ್ಕಿಲ್ಲ.

ಹಾಗಾದರೆ ಗ್ಯಾಲರಿಗೆ ಹಣ ಎಲ್ಲಿಂದ ಬರಬಹುದು? 1996ರಲ್ಲಿ, ಊರಿನ ಯೋಜನೆಯನ್ನು ಊರಿನವರೇ ರೂಪಿಸುವ ಜನಕೀಯ ಯೋಜನೆ ಆರಂಭವಾದಾಗಿನಿಂದ ಕೇರಳದ ಪಂಚಾಯತು, ನಗರಸಭೆಗಳಿಗೆ ರಾಜ್ಯದ ಯೋಜನಾ ಹಣದ ದೊಡ್ಡ ಪಾಲು ಸಿಗುತ್ತಿದೆ. ಬೇರೆ ರಾಜ್ಯಗಳ ಪಂಚಾಯತುಗಳು ಅಸೂಯೆ ಪಡುವಷ್ಟು ಸಿಗುತ್ತದೆ ಎಂದರೂ ತಪ್ಪಾಗದು. ವಾರ್ಡ್ ಸಭೆಯಲ್ಲಿ ಜನ ಬೇಡಿಕೆ ಇಡುತ್ತಾರೆ, ವರ್ಕಿಂಗ್ ಗ್ರೂಪಿನಲ್ಲಿ ಅದು ಯೋಜನೆಯ ರೂಪಕ್ಕೆ ಬರುತ್ತದೆ, ಆಡಳಿತ ಸಮಿತಿ ಒಪ್ಪುತ್ತದೆ, ಜಿಲ್ಲಾ ಯೋಜನಾ ಸಮಿತಿ ಮಂಜೂರು ಮಾಡುತ್ತದೆ. ಒಳ್ಳೆಯ ವ್ಯವಸ್ಥೆ. ಆದರೆ ಅದರ ಗಡಿಯಾರ ಮಾರ್ಚ್ 31ಕ್ಕೆ ನಿಲ್ಲುತ್ತದೆ. ಆ ದಿನದೊಳಗೆ ಖರ್ಚಾಗಿ ಬಿಲ್ಲಾಗುವ ಕೆಲಸ ಆಡಳಿತಕ್ಕೆ ಇಷ್ಟವಾಗುತ್ತದೆ. ಗೋಡೆ ಕಟ್ಟಿದರೆ ಬಿಲ್ಲಾಗುತ್ತದೆ, ನೆಲಕ್ಕೆ ಟೈಲ್ಸ್ ಹಾಸಿದರೆ ಬಿಲ್ಲಾಗುತ್ತದೆ. ಒಂದು ಚಿತ್ರ ಮುಂದಿನ ಇಪ್ಪತ್ತು ಮಳೆಗಾಲಗಳಲ್ಲಿ ಕೆಡದೆ ಉಳಿಯುವುದು ಯಾವ ವರ್ಷದ ಬಿಲ್ಲಿನಲ್ಲಿಯೂ ಬರುವುದಿಲ್ಲ. ಜಿಲ್ಲೆಯ ಹಿಂದುಳಿಕೆಯನ್ನು ಅಧ್ಯಯನ ಮಾಡಿದ ಪ್ರಭಾಕರನ್ ಆಯೋಗದ 2012ರ ವರದಿಯಿಂದ ಹುಟ್ಟಿದ ಕಾಸರಗೋಡು ಅಭಿವೃದ್ಧಿ ಪ್ಯಾಕೇಜ್ ಇದೆ, ಶಾಸಕರ ನಿಧಿ ಇದೆ. ಅವೂ ಹೆಚ್ಚಾಗಿ ಕಟ್ಟಡದ ಹಣವೇ. ಹೀಗಾಗಿ ಒಂದು ಗ್ಯಾಲರಿಯ ಶಿಲಾನ್ಯಾಸಕ್ಕೆ ಈ ಜಿಲ್ಲೆಯಲ್ಲಿ ಹಣ ಹೊಂದಿಸುವುದು ಅಂಥ ಕಷ್ಟವಲ್ಲ. ಉದ್ಘಾಟನೆಯ ಮರುದಿನ ಬೆಳಿಗ್ಗೆ ಬೀಗ ತೆಗೆಯುವವರ ಸಂಬಳ ಹೊಂದಿಸುವುದು ಕಷ್ಟ.

ಆ ಸಂಬಳ ಬರಬೇಕಾದದ್ದು ಸ್ವಂತ ನಿಧಿಯಿಂದ. ಅಂದರೆ ಕಟ್ಟಡ ತೆರಿಗೆ, ವ್ಯಾಪಾರ ಪರವಾನಗಿ ಶುಲ್ಕ, ಅಂಗಡಿ ಕೋಣೆಗಳ ಬಾಡಿಗೆ ಮುಂತಾದ ಆದಾಯದಿಂದ. ಬೀದಿದೀಪದ ಕರೆಂಟ್ ಬಿಲ್ಲು, ಕಸದ ವಿಲೇವಾರಿ, ಸಿಬ್ಬಂದಿಯ ವೆಚ್ಚ ಎಲ್ಲವೂ ಅಲ್ಲಿಗೇ ಕೈ ಹಾಕುತ್ತವೆ. ಅಷ್ಟೇ ಅಲ್ಲ, ಕೇರಳದಲ್ಲಿ ಸ್ಥಳೀಯಾಡಳಿತ ಸಂಸ್ಥೆ ತಾನಾಗಿ ಒಂದು ಕಾಯಂ ಹುದ್ದೆ ಸೃಷ್ಟಿಸಲಾರದು, ಸರ್ಕಾರದ ಒಪ್ಪಿಗೆ ಬೇಕು. ಆದ್ದರಿಂದ ನಗರಸಭೆ ಎಷ್ಟೇ ಉತ್ಸಾಹದಿಂದ ಗ್ಯಾಲರಿ ತೆರೆದರೂ ಅದಕ್ಕೊಬ್ಬ ಕ್ಯುರೇಟರನ್ನು ನೇಮಿಸುವುದು ಅದರ ಕೈಯಲ್ಲಿಲ್ಲ. ದಿನಗೂಲಿಯ ಒಬ್ಬರು ಬಾಗಿಲು ಕಾಯಬಹುದು. ಚಿತ್ರ ನೋಡಿಕೊಳ್ಳುವುದು ಬಾಗಿಲು ಕಾಯುವ ಕೆಲಸವಲ್ಲ.

ಚಿತ್ರ ನೋಡಿಕೊಳ್ಳುವುದೆಂದರೆ ಏನು ಎಂದು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕೌನ್ಸಿಲಿನ ಚರ್ಚೆಗಳಲ್ಲಿ ತಪ್ಪಿಹೋಗುವುದು ಇದೇ. ನಮ್ಮಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ಕಡಲು ಹತ್ತಿರ, ಗಾಳಿಯಲ್ಲಿ ಉಪ್ಪು. ಗಾಳಿಯ ತೇವಾಂಶ ಶೇ. 65 ದಾಟಿ ನಿಂತರೆ ಕಾಗದದ ಮೇಲೆ ಬೂಷ್ಟು ಬೆಳೆಯಲು ಆರಂಭಿಸುತ್ತದೆ. ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ನಮ್ಮ ಮನೆಯೊಳಗಿನ ಗಾಳಿ ಅದಕ್ಕಿಂತ ಎಷ್ಟೋ ಹೆಚ್ಚು ಒದ್ದೆಯಾಗಿರುತ್ತದೆ. ಹಾಗಾಗಿ ತೇವ ಹೀರುವ ಯಂತ್ರ ಜೂನಿನಿಂದ ಅಕ್ಟೋಬರಿನ ವರೆಗೆ ಹಗಲೂ ರಾತ್ರಿ ಓಡಬೇಕು, ಕರೆಂಟ್ ಹೋದರೂ ಓಡಬೇಕು. ಬೆಳಕಿನದು ಇನ್ನೊಂದು ಲೆಕ್ಕ, ಅದನ್ನು ಅಳೆಯುವುದು ಲಕ್ಸ್‌ನಲ್ಲಿ. ಜಲವರ್ಣಕ್ಕೆ 50 ಲಕ್ಸ್, ತೈಲವರ್ಣಕ್ಕೆ 200 ಲಕ್ಸ್ ಎಂಬುದು ಸಂಗ್ರಹಾಲಯಗಳು ಸಾಮಾನ್ಯವಾಗಿ ಪಾಲಿಸುವ ಮಿತಿ. ಉದ್ಘಾಟನೆಯ ದಿನ ಝಗಮಗಿಸುವ ದೀಪಗಳು ಮಾಸ್ಟ್ರ ನೀಲಿಯನ್ನು ಕೆಲವೇ ವರ್ಷಗಳಲ್ಲಿ ತಿಂದುಬಿಡುತ್ತವೆ. ಗೆದ್ದಲು ಬಂದಿದೆಯೇ ಎಂದು ತಿಂಗಳಿಗೊಮ್ಮೆ ಚೌಕಟ್ಟಿನ ಹಿಂಬದಿ ನೋಡಬೇಕು. ಇವೆಲ್ಲ ದೊಡ್ಡ ವಿಜ್ಞಾನವಲ್ಲ, ಆದರೆ ತಪ್ಪದೆ ನಡೆಯಬೇಕಾದ ಕೆಲಸ. ತಪ್ಪದೆ ನಡೆಯುವ ಕೆಲಸಕ್ಕೆ ತಪ್ಪದೆ ಬರುವ ಹಣ ಬೇಕು.

ಇನ್ನು ರಾಜಕೀಯ. ಕಾಸರಗೋಡು ನಗರಸಭೆಯಲ್ಲಿ ದೀರ್ಘಕಾಲದಿಂದ ಮುಸ್ಲಿಂ ಲೀಗ್ ಆಡಳಿತ ಪಕ್ಷ, ಬಿಜೆಪಿ ಮುಖ್ಯ ವಿರೋಧ ಪಕ್ಷ. ಎಡರಂಗದ ಬಲವಿರುವುದು ಹೆಚ್ಚಾಗಿ ಹೊಳೆಯಾಚೆ. ಇಂಥ ಸಭೆಯಲ್ಲಿ ಕಲಾ ಗ್ಯಾಲರಿಯನ್ನು ಯಾರಾದರೂ ವಿರೋಧಿಸುತ್ತಾರೆಯೇ? ಇಲ್ಲ. ವಿರೋಧಿಸಿದ್ದರೆ ಚರ್ಚೆಯಾದರೂ ಆಗುತ್ತಿತ್ತು. ಕೌನ್ಸಿಲರನ್ನು ಆರಿಸುವುದು ಒಂದು ವಾರ್ಡಿನ ಜನ. ಆ ವಾರ್ಡಿನ ಚರಂಡಿ, ಆ ವಾರ್ಡಿನ ದಾರಿದೀಪ, ಆ ವಾರ್ಡಿನ ಅಂಗನವಾಡಿ ಅವರ ಹೊಣೆ. ಐದು ವರ್ಷದ ಕೊನೆಗೆ ಮತ ಕೇಳಲು ಹೋದಾಗ ತೋರಿಸಲು ಕಾಂಕ್ರೀಟ್ ರಸ್ತೆ ಇರಬೇಕು. ಗ್ಯಾಲರಿ ಯಾವುದೋ ಒಂದು ವಾರ್ಡಿನೊಳಗೆ ನಿಂತರೂ ಯಾವ ವಾರ್ಡಿಗೂ ಸೇರಿದ್ದಲ್ಲ. ಅದಕ್ಕಾಗಿ ಪಟ್ಟು ಹಿಡಿದ ಕೌನ್ಸಿಲರಿಗೆ ಒಂದು ಮತವೂ ಹೆಚ್ಚಾಗುವುದಿಲ್ಲ, ಮುಚ್ಚಿದರೆ ಒಂದು ಮತವೂ ಕಡಿಮೆಯಾಗುವುದಿಲ್ಲ. ಕೌನ್ಸಿಲರುಗಳನ್ನು ದೂರಿ ಪ್ರಯೋಜನವಿಲ್ಲ. ಅವರನ್ನು ಕಟ್ಟಿಹಾಕಿರುವ ಲೆಕ್ಕಾಚಾರವೇ ಹಾಗಿದೆ.

ಒಂದು ವಾರ್ಡ್ ಸಭೆಯಲ್ಲಿ ನಾನು ಈ ಮಾತೆತ್ತಿದ್ದೆ. ಶಾಲೆಯ ಕೋಣೆ, ಮಕ್ಕಳ ಬೆಂಚುಗಳ ಮೇಲೆ ನಾವು ಅರುವತ್ತು ಎಪ್ಪತ್ತು ಮಂದಿ. ನನ್ನ ಮುಂದಿದ್ದ ಹೆಂಗಸು ಮಗನ ಚಿಕಿತ್ಸೆಯ ಸಹಾಯಧನದ ಬಗ್ಗೆ ಕೇಳಿದರು. ಅವರ ನಂತರ ಎದ್ದು ನಿಂತು ಚಿತ್ರಗಳ ಬಗ್ಗೆ ಮಾತಾಡಲು ನನಗೇ ಸಂಕೋಚವಾಯಿತು. ಆದರೂ ಹೇಳಿದೆ. ಯಾರೂ ನಗಲಿಲ್ಲ, ಯಾರೂ ಬೇಡ ಎನ್ನಲಿಲ್ಲ. ಬರೆದುಕೊಳ್ಳುತ್ತಿದ್ದವರು ಇದನ್ನು ಯಾವ ವಿಭಾಗದಲ್ಲಿ ಬರೆಯಲಿ ಎಂದು ಕೇಳಿದರು, ಕೊನೆಗೆ ಇತರ ಎಂಬಲ್ಲಿ ಬರೆದರು. ಆಗ ಹಿಂದಿನ ಬೆಂಚಿನಿಂದ ಒಬ್ಬರು ಕೇಳಿದ ಪ್ರಶ್ನೆ ಮಾತ್ರ ಸಭೆಯನ್ನು ಎಬ್ಬಿಸಿತು: ಯಾರ ಹೆಸರಿಡುತ್ತೀರಿ? ಅದರ ಮೇಲೆ ಹತ್ತು ನಿಮಿಷ ಮಾತಾಯಿತು. ಕನ್ನಡದವರ ಹೆಸರೋ ಮಲಯಾಳದವರದೋ, ಈ ಪಕ್ಷ ಮೆಚ್ಚುವವರೋ ಆ ಪಕ್ಷ ಮೆಚ್ಚುವವರೋ. ಒಳಗೆ ಏನಿರಬೇಕು ಎಂದು ಒಬ್ಬರೂ ಕೇಳಲಿಲ್ಲ.

ಹೆಸರಿನ ಜಗಳ ಎಲ್ಲಿಗೆ ಮುಟ್ಟುತ್ತದೆ ಎಂದು ನಮಗೆ ಗೊತ್ತಿದೆ. 2021ರಲ್ಲಿ ಊರುಗಳ ಕನ್ನಡ ಹೆಸರು ಬದಲಾಗುತ್ತದೆ ಎಂಬ ಸುದ್ದಿ ಎದ್ದಾಗ ಬೆಂಗಳೂರಿನ ವರೆಗೆ ಗದ್ದಲವಾಯಿತು. ಆದ್ದರಿಂದ ಹೆಸರನ್ನು ಕೊನೆಗೆ ಇಟ್ಟುಕೊಂಡು ಸಂಗ್ರಹದಿಂದ ಆರಂಭಿಸುವುದು ಲೇಸು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಸಂಗ್ರಹ ಎಂದರೆ ಮೊದಲು ಒಂದು ವಹಿ. ಮಾಸ್ಟ್ರ ಪ್ರಶ್ನೆಗೆ ನಿಜವಾದ ಉತ್ತರ ಅಡಗಿರುವುದು ಇಲ್ಲಿ. ಸ್ಥಳೀಯಾಡಳಿತದ ಕಚೇರಿಯಲ್ಲಿ ರಸ್ತೆ, ಕಟ್ಟಡ, ಜಾಗಗಳಿಗೆ ಆಸ್ತಿ ರಿಜಿಸ್ಟರ್ ಇದೆ. ಕುರ್ಚಿ, ಫ್ಯಾನು, ಕಪಾಟುಗಳಿಗೆ ದಾಸ್ತಾನು ವಹಿ ಇದೆ. ಯಾರೋ ಪ್ರೀತಿಯಿಂದ ಕೊಟ್ಟ ಚಿತ್ರ ಇವೆರಡರಲ್ಲಿ ಎಲ್ಲಿ ಸೇರಬೇಕು? ಕುರ್ಚಿಯ ಪಕ್ಕದಲ್ಲಿ ಸೇರಿದರೆ ಅದಕ್ಕೂ ಕುರ್ಚಿಯ ನ್ಯಾಯವೇ. ಹಳತಾಯಿತು ಎಂದರೆ ತೆಗೆದುಹಾಕಬಹುದು. ಎಲ್ಲಿಯೂ ಸೇರದಿದ್ದರೆ ಅದು ಇಲ್ಲವೇ ಇಲ್ಲ, ಯಾರದೋ ಕೋಣೆಯ ಗೋಡೆಯಲ್ಲಿದ್ದು ಯಾವಾಗಲೋ ಕಾಣೆಯಾದರೆ ಕೇಳುವವರಿಲ್ಲ. ಕೊಟ್ಟವರು ಯಾರು, ಯಾವ ಷರತ್ತಿನಲ್ಲಿ ಕೊಟ್ಟರು, ಮಾರಬಹುದೇ, ಎರವಲು ಕೊಡಬಹುದೇ, ಮುಚ್ಚುವ ದಿನ ಬಂದರೆ ಯಾರಿಗೆ ಹೋಗಬೇಕು ಎಂದು ಬರೆದಿಟ್ಟ ಕಾಗದವಿಲ್ಲದೆ ಚಿತ್ರ ಕೊಡುವುದೆಂದರೆ ಹರಿಗೋಲಿಲ್ಲದೆ ಹೊಳೆ ದಾಟಿದಂತೆ.

ಈ ಕಾಗದ ಎಷ್ಟು ಮುಖ್ಯ ಎಂಬುದಕ್ಕೆ ದೂರದ ಎರಡು ಉದಾಹರಣೆಗಳಿವೆ. ಇಂಗ್ಲೆಂಡಿನ ನಾರ್ಥಾಂಪ್ಟನ್ ಎಂಬ ಊರಿನ ಕೌನ್ಸಿಲಿನ ಬಳಿ ಸೆಖೆಮ್ಕಾ ಎಂಬ ಈಜಿಪ್ಟಿನ ಸುಣ್ಣಕಲ್ಲಿನ ಮೂರ್ತಿ ಇತ್ತು. ನಾಲ್ಕು ಸಾವಿರ ವರ್ಷಕ್ಕಿಂತ ಹಳೆಯದು, ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಜಹಗೀರುದಾರರ ಮನೆತನ ಊರಿಗೆ ಕೊಟ್ಟದ್ದು. 2014ರ ಜುಲೈಯಲ್ಲಿ ಕೌನ್ಸಿಲ್ ಅದನ್ನು ಹರಾಜಿಗಿಟ್ಟಿತು, ಸುಮಾರು 1.58 ಕೋಟಿ ಪೌಂಡಿಗೆ ಮಾರಿತು. ಕಾರಣ? ವಸ್ತುಸಂಗ್ರಹಾಲಯದ ಕಟ್ಟಡವನ್ನು ವಿಸ್ತರಿಸಲು ಹಣ ಬೇಕಾಗಿತ್ತು. ದಾನದ ಷರತ್ತಿನ ಬಗ್ಗೆ ವಿವಾದವೆದ್ದು ಮಾರಿದ ಹಣದಲ್ಲಿ ಆ ಮನೆತನದ ವಾರಸುದಾರರಿಗೂ ಪಾಲು ಹೋಯಿತು. ಮರುತಿಂಗಳೇ ಇಂಗ್ಲೆಂಡಿನ ಕಲಾ ಮಂಡಳಿ ಆ ಸಂಗ್ರಹಾಲಯದ ಮಾನ್ಯತೆಯನ್ನು ಕಿತ್ತುಕೊಂಡಿತು. ಗೋಡೆಗಾಗಿ ಮೂರ್ತಿಯನ್ನೇ ಕಳೆದುಕೊಂಡ ಈ ಕತೆಯನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮದೇ ಮಾರ್ಚ್ ತಿಂಗಳ ಬಿಲ್ಲುಗಳು.

ಎರಡನೆಯದು ಅಮೆರಿಕದ ಡೆಟ್ರಾಯಿಟ್. 2013ರಲ್ಲಿ ಆ ನಗರಾಡಳಿತವೇ ದಿವಾಳಿಯಾಯಿತು. ಅಲ್ಲಿನ ಹೆಸರಾಂತ ಕಲಾ ಸಂಗ್ರಹಾಲಯದ ಚಿತ್ರಗಳು ನಗರಾಡಳಿತದ ಸ್ವತ್ತಾಗಿದ್ದುದರಿಂದ ಸಾಲ ಕೊಟ್ಟವರು ಅವುಗಳನ್ನು ಮಾರಿಸಲು ಹೊರಟರು. ಕೊನೆಗೆ ದಾನಸಂಸ್ಥೆಗಳು, ರಾಜ್ಯ ಸರ್ಕಾರ ಮತ್ತು ಸಂಗ್ರಹಾಲಯ ಸೇರಿ ಸುಮಾರು 81.6 ಕೋಟಿ ಡಾಲರ್ ಹೊಂದಿಸಿ ನಿವೃತ್ತ ನೌಕರರ ಪಿಂಚಣಿಗೆ ಕೊಟ್ಟವು. ಅದಕ್ಕೆ ಬದಲಾಗಿ ಸಂಗ್ರಹದ ಒಡೆತನ ನಗರದ ಕೈಯಿಂದ ಲಾಭರಹಿತ ಸಂಸ್ಥೆಗೆ ಹೋಯಿತು. ಅದಕ್ಕೂ ಮೊದಲು, 2012ರಲ್ಲಿ, ಸುತ್ತಲಿನ ಮೂರು ಕೌಂಟಿಗಳ ಮತದಾರರು ಸಂಗ್ರಹಾಲಯಕ್ಕಾಗಿ ಒಂದು ಸಣ್ಣ ಆಸ್ತಿ ತೆರಿಗೆಯನ್ನು ತಾವೇ ಮತ ಹಾಕಿ ಒಪ್ಪಿಕೊಂಡಿದ್ದರು. ನಮ್ಮ ಗ್ರಂಥಾಲಯ ಉಪಕರದ ಹಾಗೆಯೇ.

ಹತ್ತಿರದ ಅನುಭವಗಳೂ ಕಲಿಸುತ್ತವೆ. ಮಂಗಳೂರಿನ ಬಿಜೈಯಲ್ಲಿರುವ ಹಡಗಿನ ಆಕಾರದ ಮನೆಯನ್ನು ಕರ್ನಲ್ ಮಿರಜ್ಕರ್ ತಾಯಿ ಶ್ರೀಮಂತಿ ಬಾಯಿಯ ನೆನಪಿಗಾಗಿ ಕೊಟ್ಟರು, 1960ರಲ್ಲಿ ಅದು ಸರ್ಕಾರಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಕೊಟ್ಟವರ ಉದಾರತೆಗೆ ತಕ್ಕ ಆರೈಕೆ ಅದಕ್ಕೆ ಸಿಕ್ಕಿದೆ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನಕ್ಕೆ ದತ್ತು ಕೊಡಲು 2015ರಲ್ಲಿ ಸರ್ಕಾರ ಒಪ್ಪಂದ ಮಾಡಿಕೊಂಡಾಗ ಕಲಾವಿದರು ಬೀದಿಗಿಳಿದು ತಡೆದರು. ಅವರು ತಡೆದದ್ದು ಸರಿ. ಆದರೆ ಖಾಸಗಿಯವರಿಗೆ ಕೊಡಬಾರದು ಎಂದು ಹೇಳಿದಷ್ಟಕ್ಕೆ ಸರ್ಕಾರ ಚೆನ್ನಾಗಿ ನಡೆಸುತ್ತದೆ ಎಂದಾಗುವುದಿಲ್ಲ.

ನಮ್ಮ ಜಿಲ್ಲೆಯದೇ ಉದಾಹರಣೆ ಬೇಕೆಂದರೆ ವಿದ್ಯಾನಗರದ ಜಿಲ್ಲಾ ಪಂಚಾಯತಿನ ಆವರಣಕ್ಕೆ ಹೋಗಬೇಕು. ಚೆರುವತ್ತೂರು ಬಳಿಯ ಕುಟ್ಟಮತ್ತಿನಲ್ಲಿ 1937ರಲ್ಲಿ ಹುಟ್ಟಿ, ಮಲಂಪುಳದ ಯಕ್ಷಿ ಶಿಲ್ಪದಿಂದ ಇಡೀ ಕೇರಳಕ್ಕೆ ಗೊತ್ತಾದ ಶಿಲ್ಪಿ ಕಾನಾಯಿ ಕುಂಞಿರಾಮನ್ ಅಲ್ಲಿ ಎಂಡೋಸಲ್ಫಾನ್ ದುರಂತದ ತಾಯಿ ಮಗುವನ್ನು ಬೃಹತ್ತಾಗಿ ರೂಪಿಸಿದರು. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆಯ ಕನ್ನಡ, ತುಳು ಮನೆಗಳ ನೋವೇ ಆ ಶಿಲ್ಪ. ಅದು ವರ್ಷಗಟ್ಟಲೆ ಅರ್ಧದಲ್ಲಿ ನಿಂತಿತ್ತು. ಆಡಳಿತ ಸಮಿತಿಗಳು ಬಂದವು, ಹೋದವು. ಆ ಅರೆಬರೆ ತಾಯಿಯ ಪಕ್ಕದಲ್ಲೇ ಕಾರು ನಿಲ್ಲಿಸಿ ಜನ ಕಚೇರಿಗೆ ಹೋಗಿ ಬಂದರು. ಇಂಥ ಹೆಸರಾಂತ ಕಲಾವಿದರ ಕೆಲಸವೇ ಹೀಗೆ ಕಾಯಬೇಕಾಯಿತೆಂದರೆ ಹೆಸರಿಲ್ಲದ ಡ್ರಾಯಿಂಗ್ ಮಾಸ್ಟ್ರ ಕಟ್ಟುಗಳ ಗತಿ ಏನು? ತಿರುವನಂತಪುರದ ಶಂಖುಮುಖದಲ್ಲಿ ಕಾನಾಯಿಯವರದೇ ಸಾಗರಕನ್ಯೆ ಶಿಲ್ಪದ ಪಕ್ಕದಲ್ಲಿ 2020ರಲ್ಲಿ ಹಳೆಯ ಹೆಲಿಕಾಪ್ಟರೊಂದನ್ನು ತಂದಿಟ್ಟಾಗ ಅವರು ಬಹಿರಂಗವಾಗಿ ನೊಂದು ಮಾತಾಡಿದ್ದರು. ಒಮ್ಮೆ ಸರ್ಕಾರದ ಜಾಗದಲ್ಲಿ ನಿಂತ ಕಲಾಕೃತಿಯ ಸುತ್ತ ಏನು ಬರಬೇಕು ಎಂದು ಕಲಾವಿದರನ್ನು ಕೇಳುವ ಪದ್ಧತಿ ನಮ್ಮಲ್ಲಿ ಇನ್ನೂ ಬಂದಿಲ್ಲ.

ಭರವಸೆ ಕೊಡುವ ಮಾದರಿಯೂ ನಮ್ಮಲ್ಲೇ ಇದೆ. ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಮನೆಯಿರುವ ಜಾಗದಲ್ಲಿ ಎದ್ದಿರುವ ಗಿಳಿವಿಂಡು ಸ್ಮಾರಕಕ್ಕೆ ಕೇರಳ ಮತ್ತು ಕರ್ನಾಟಕ ಎರಡೂ ಸರ್ಕಾರಗಳ ನೆರವು ಬಂದಿದೆ, ನಡೆಸಲು ಒಂದು ಟ್ರಸ್ಟ್ ಇದೆ. ಗಡಿಯ ಎರಡು ಬದಿಯ ಹಣ ಒಂದೇ ಕೆಲಸಕ್ಕೆ ಸೇರಲು ಸಾಧ್ಯ ಎಂಬುದಕ್ಕೆ ಅದು ಸಾಕ್ಷಿ. ಕಾಸರಗೋಡಿನ ಪಿಲಿಕುಂಜೆಯಲ್ಲಿ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘದ ಬೊಂಬೆಮನೆ ಇದೆ. ತೆಂಕುತಿಟ್ಟಿನ ವೇಷಗಳನ್ನು ಪುಟ್ಟ ಮರದ ಮೈಗಳಿಗೆ ತೊಡಿಸಿ, ದಾರದಲ್ಲಿ ಕುಣಿಸಿ, ದೇಶ ವಿದೇಶ ಸುತ್ತಿದ ಸಂಘ ಅದು. ಅಲ್ಲಿನ ಕಿರೀಟ, ಭುಜಕೀರ್ತಿಗಳ ಕುಸುರಿಯನ್ನು ಹತ್ತಿರದಿಂದ ನೋಡಿದವರಿಗೆ ಇದು ಚಿತ್ರಕಲೆಯೋ ಶಿಲ್ಪವೋ ಎಂಬ ವಾದವೇ ಬೇಡವೆನಿಸುತ್ತದೆ. ನನಗಂತೂ ಈ ಜಿಲ್ಲೆಯ ಕಲಾ ಗ್ಯಾಲರಿ ಹೇಗಿರಬೇಕು ಎಂಬುದಕ್ಕೆ ಮಹಾನಗರದ ಬಿಳಿ ಗೋಡೆಗಿಂತ ಬೊಂಬೆಮನೆಯೇ ಹತ್ತಿರದ ಮಾದರಿ. ಚೌಕಟ್ಟಿನೊಳಗಿನ ಚಿತ್ರದ ಪಕ್ಕದಲ್ಲಿ ತೆಯ್ಯದ ಮುಡಿ ಇರಲಿ, ಭೂತದ ಅಣಿ ಇರಲಿ, ತಾಳೆಗರಿ ಇರಲಿ.

ಇದೆಲ್ಲ ಇದ್ದರೆ ಅದಕ್ಕೆ ಬರೆಯುವ ಚೀಟಿ ಯಾವ ಭಾಷೆಯಲ್ಲಿ? ಇದನ್ನು ಸಣ್ಣ ವಿಷಯ ಎಂದು ದಾಟಬಾರದು. ಕನ್ನಡ ಇಲ್ಲಿ ಭಾಷಾ ಅಲ್ಪಸಂಖ್ಯಾತರ ಭಾಷೆ. 1969ರ ಕೇರಳ ಆಡಳಿತ ಭಾಷಾ ಕಾಯ್ದೆಯಲ್ಲಿಯೇ ಕನ್ನಡಿಗರು ಕನ್ನಡದಲ್ಲಿ ಸರ್ಕಾರದೊಂದಿಗೆ ವ್ಯವಹರಿಸುವ ಅವಕಾಶವಿದೆ. ಒಂದು ಚಿತ್ರದಲ್ಲಿರುವ ಜಾಗವನ್ನು ನಾವು ಕುಂಬಳೆ ಎನ್ನುತ್ತೇವೆ, ಮಲಯಾಳಿಗಳು ಕುಂಬಳ ಎನ್ನುತ್ತಾರೆ. ಎರಡೂ ಇರಲಿ. ಬಾಲ್ಯದಿಂದ ಆ ಹೆಸರು ಹೇಳಿಕೊಂಡು ಬೆಳೆದ ಹುಡುಗಿ ಚೀಟಿಯಲ್ಲಿ ಅದನ್ನು ಕಂಡರೆ ಚಿತ್ರದ ಮುಂದೆ ಇನ್ನೊಂದು ನಿಮಿಷ ನಿಲ್ಲುತ್ತಾಳೆ. ಚೀಟಿ ಮಲಯಾಳದಲ್ಲಿ, ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ತುಳುವರ ವಸ್ತುವಾದರೆ ತುಳುವಿನ ಮಾತಿನಲ್ಲಿ ಇರಬೇಕೆಂದು ನಿಯಮದಲ್ಲಿಯೇ ಬರೆದಿಟ್ಟರೆ, ಮುಂದೆ ಯಾವ ಪಕ್ಷ ಬಂದರೂ ಪ್ರತಿ ಸಲ ಮನವಿ ಹಿಡಿದು ಹೋಗಬೇಕಾಗಿಲ್ಲ. ಮಲಯಾಳಿ ಮಕ್ಕಳೂ ಅಲ್ಲಿ ಕನ್ನಡದ ಅಕ್ಷರವನ್ನು ಜಗಳದ ಸುದ್ದಿಯಾಗಿ ಅಲ್ಲದೆ ಒಂದು ಚಂದದ ಚಿತ್ರದ ಹೆಸರಾಗಿ ನೋಡುತ್ತಾರೆ.

ಈಗ ಸಮಯವೂ ಕೂಡಿ ಬಂದಿದೆ. 2025ರ ಡಿಸೆಂಬರಿನ ಚುನಾವಣೆಯ ನಂತರ ಎಲ್ಲ ಸ್ಥಳೀಯ ಸಂಸ್ಥೆಗಳಲ್ಲಿ ಹೊಸ ಆಡಳಿತ ಸಮಿತಿಗಳು ಬಂದಿವೆ. 2022ರಲ್ಲಿ ಆರಂಭವಾದ ಕೇರಳದ 14ನೇ ಪಂಚವಾರ್ಷಿಕ ಯೋಜನೆ 2027ಕ್ಕೆ ಮುಗಿಯುತ್ತದೆ. ಮುಂದಿನದಕ್ಕೆ ಬೇಡಿಕೆ ಇಡಬೇಕಾದವರು ನಾವು, ಇಡಬೇಕಾದ ಜಾಗ ವಾರ್ಡ್ ಸಭೆ ಮತ್ತು ವರ್ಕಿಂಗ್ ಗ್ರೂಪ್. ನಾನು ಕೇಳಬೇಕೆಂದಿರುವುದು ಹೊಸ ಕಟ್ಟಡವನ್ನಲ್ಲ. ಇರುವ ಕಟ್ಟಡಗಳಲ್ಲಿ ಸೋರದ ಒಂದು ದೊಡ್ಡ ಕೋಣೆ ಸಾಕು. ಅದಕ್ಕೆ ಮೊದಲು ಕಲಾಕೃತಿಗಳಿಗೆಂದೇ ಒಂದು ಪ್ರತ್ಯೇಕ ರಿಜಿಸ್ಟರ್, ಕೌನ್ಸಿಲ್ ನಿರ್ಣಯದೊಂದಿಗೆ. ದಾನಪತ್ರದ ಒಂದು ನಮೂನೆ, ಕನ್ನಡದಲ್ಲಿಯೂ. ಜಿಲ್ಲಾ ಪಂಚಾಯತು, ನಗರಸಭೆ ಮತ್ತು ಉತ್ತರದ ಪಂಚಾಯತುಗಳು ಜಂಟಿ ಯೋಜನೆಯಾಗಿ ವರ್ಷವರ್ಷವೂ ಹಾಕುವ ಒಂದು ಸಣ್ಣ ಮೊತ್ತ, ಅದು ಸಂಬಳಕ್ಕೆ ಮತ್ತು ತೇವ ಹೀರುವ ಯಂತ್ರದ ಕರೆಂಟಿಗೆ ಮಾತ್ರ. ಒಂದೇ ನಗರಸಭೆಯ ಹೆಗಲಿಗೆ ಬಿಟ್ಟರೆ ಅದು ಬೀದಿದೀಪದ ಎದುರು ಸೋಲುತ್ತದೆ. ಹಲವರ ಹೆಗಲಿಗೆ ಹಂಚಿದರೆ ಒಬ್ಬರ ಪಾಲು ಒಂದು ಮೋರಿಯ ಖರ್ಚಿಗಿಂತ ಹೆಚ್ಚಾಗದು. ನಡೆಸುವ ಸಮಿತಿಯಲ್ಲಿ ಆಡಳಿತ ಪಕ್ಷದವರೂ ವಿರೋಧ ಪಕ್ಷದವರೂ ಇರಲಿ, ಅವರಿಗಿಂತ ಹೆಚ್ಚು ಸಂಖ್ಯೆಯಲ್ಲಿ ಚಿತ್ರ ಬಲ್ಲವರು ಇರಲಿ.

ಮಾಸ್ಟ್ರಿಗೆ ಉತ್ತರ ಹೇಳಲು ಮೊನ್ನೆ ಹೋಗಿದ್ದೆ. ಇದೆಲ್ಲವನ್ನೂ ಹೇಳಿದೆ. ಅವರು ಕೇಳಿಸಿಕೊಂಡು, "ಹಾಗಾದರೆ ಈಗ ಕೊಡುವುದು ಬೇಡ, ಅಲ್ಲವೇ?" ಎಂದರು. "ಈಗ ಬೇಡ ಮಾಸ್ಟ್ರೇ, ಮೊದಲು ನಾವೇ ಪಟ್ಟಿ ಮಾಡೋಣ" ಎಂದೆ. ಹಳೆಯ ಹಾಜರಿ ಪುಸ್ತಕವೊಂದರಲ್ಲಿ ಗೆರೆ ಎಳೆದರು. ಕ್ರಮಸಂಖ್ಯೆ, ಹೆಸರು, ಅಳತೆ, ಬರೆದ ವರ್ಷ, ಎಲ್ಲಿ ಕುಳಿತು ಬರೆದದ್ದು, ಈಗಿನ ಸ್ಥಿತಿ. ನಾನು ಮೊಬೈಲಿನಲ್ಲಿ ಒಂದೊಂದರ ಫೋಟೋ ತೆಗೆದೆ. ಸಂಜೆಯ ಹೊತ್ತಿಗೆ ನಲವತ್ತೊಂದು ಮುಗಿದವು. ನಲವತ್ತೆರಡನೆಯದನ್ನು ಬಿಚ್ಚಿದಾಗ ಎರಡು ಹಾಳೆಗಳು ಬೂಷ್ಟಿನಿಂದ ಒಂದಕ್ಕೊಂದು ಅಂಟಿಕೊಂಡಿದ್ದವು, ಎಳೆದರೆ ಬಣ್ಣ ಕಿತ್ತು ಬರುತ್ತಿತ್ತು. ಅದನ್ನು ಹಾಗೆಯೇ ಪಕ್ಕಕ್ಕಿಟ್ಟು, ಸ್ಥಿತಿ ಎಂಬ ಸಾಲಿನಲ್ಲಿ ಅವರು ಏನನ್ನೂ ಬರೆಯದೆ ಬಿಟ್ಟರು. ಉಳಿದ ಕಟ್ಟುಗಳಿಗೆ ಶನಿವಾರ ಮತ್ತೆ ಹೋಗುತ್ತೇನೆ.